ಆಸ್ಪತ್ರೆಯಲ್ಲಿದ್ದವನು

"ಅಕ್ಕಾ, ಸೊಂಟ ಸ್ವಲ್ಪ ಬಿಗಿ ಮಾಡ್ಕೊಡ್ತೀರಾ?"

ದರ್ಜಿ ಹೆಂಗಸು ಹೊಲಿಗೆ ಯಂತ್ರದಿಂದ ತಲೆಯೆತ್ತಿದಳು. ಮೂರು ವರ್ಷ ಜೈಲು ಶಿಕ್ಷೆಯಾಗಿದ್ದವನು, ವರ್ಷವೂ ತುಂಬುವ ಮೊದಲೇ, ಪ್ಯಾಂಟು ಹಿಡಿದು ಅಂಗಡಿಯೊಳಗೆ ನಿಂತಿದ್ದ. ಎದುರಿನ ಗುಜರಿ ಅಂಗಡಿಯ ಅಣ್ಣತಮ್ಮಂದಿರಲ್ಲಿ ಕಿರಿಯವನು. ಮಳಿಗೆ ಬಿಟ್ಟುಕೊಡು ಎಂದು ಜಗಳ ತೆಗೆದು, ಅವಳದೇ ಇಸ್ತ್ರಿಪೆಟ್ಟಿಗೆಯನ್ನು ಅವಳ ಬಲಗೈಗೆ ಒತ್ತಿ ಹಿಡಿದವನು. ಸುಟ್ಟ ಚರ್ಮ ಎಳೆದುಕೊಂಡು, ಈಗಲೂ ಅವಳ ಹೆಬ್ಬೆರಳು ಕತ್ತರಿಗೆ ಪೂರ್ತಿ ಬಗ್ಗುತ್ತಿರಲಿಲ್ಲ.

ಭಯವಾಗಬೇಕಿತ್ತು. ಆದರೆ ಮೊದಲು ಹುಟ್ಟಿದ್ದು ಕುತೂಹಲ.

"ನೀನು ಹೇಗೆ ಹೊರಗಿದ್ದೀಯ?"

"ಅಪೀಲಲ್ಲಿ ಬಿಟ್ರಲ್ಲಕ್ಕಾ. ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕು? ಸುಟ್ಟದ್ದು ಅವಳ ಕೈ, ಕೇಸು ಮಾತ್ರ ಸರ್ಕಾರದ್ದು. ಸರ್ಕಾರಿ ವಕೀಲರಿಗೆ ಅವಳ ಮುಖವೂ ನೆನಪಿರಲಿಕ್ಕಿಲ್ಲ.

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಅವಳ ಅತ್ತೆ ಸೂಜಿ ನಿಲ್ಲಿಸಿದಳು. "ಒಳಗಿನ ಊಟ ಸೇರ್ಲಿಲ್ವೇನಪ್ಪಾ? ಪಾಪ, ಸೊರಗಿಹೋಗಿದ್ದೀಯ!"

"ಏನಂತ ಬಿಟ್ರು?" ಸೊಸೆ ಮತ್ತೆ ಕೇಳಿದಳು.

ಯಾರಿಗಾದರೂ ಹೇಳಲು ಕಾದಿದ್ದವನಂತೆ ಅವನು ಸ್ಟೂಲೆಳೆದು ಕುಳಿತ. "ಅದೇ ತಮಾಷೆ. ಅಣ್ಣಂದು ಬೇರೆ ಕೇಸಿತ್ತಲ್ಲ, ಮಾರ್ಕೆಟ್ಟಲ್ಲಿ ಹೊಡೆದಾಡಿದ್ದು? ಅವನದೂ ನಂದೂ ಅಪೀಲು ಒಂದೇ ದಿನ ಬಂತು. ಹೊಡೆದಾಟ ಆದ ದಿನ ತಾನು ಆಸ್ಪತ್ರೆಲಿದ್ದೆ ಅಂತ ಅಣ್ಣ ಕಾಗದ ಕೊಟ್ಟಿದ್ದ. ಜಡ್ಜು ಅದನ್ನೇ ನನ್ನ ತೀರ್ಪಿಗೂ ಹಾಕ್ಬಿಟ್ರು. ತಾರೀಕೂ ನೋಡ್ಲಿಲ್ಲ. ನಾನೂ ಆಸ್ಪತ್ರೆಲಿದ್ನಂತೆ!"

"ಸರ್ಕಾರಿ ವಕೀಲರು?"

"ತುಟಿ ಪಿಟಕ್ ಅನ್ಲಿಲ್ವಂತೆ. ನಮ್ಮ ವಕೀಲರು ಜೈಲಿಗೆ ಬಂದು, ಬಾಯ್ಮುಚ್ಕೊಂಡು ಮನೆಗೆ ಹೋಗು ಅಂದ್ರು."

"ಹಾಗಾದ್ರೆ ನನ್ನ ಕೈ ಸುಟ್ಟಿದ್ದು ಯಾರು ಅಂತ ಬರ್ದಿದ್ದಾರೆ?"

ಅವನು ತಲೆ ಕೆರೆದುಕೊಂಡ. "ಅದು... ಬರ್ದಿಲ್ಲ."

"ಇಸ್ತ್ರಿಪೆಟ್ಟಿಗೆ ತಾನೇ ಎದ್ದು ಬಂದಿರ್ಬೇಕು ಬಿಡು," ಅಂದಳು ಅತ್ತೆ.

"ಈಗ ಹೇಳಿದ್ದನ್ನ ಮೇಲಿನ ಕೋರ್ಟಲ್ಲಿ ಹೇಳ್ತೀಯಾ?"

"ನಂಗೇನು ತಲೆ ಕೆಟ್ಟಿದ್ಯಾ ಅಕ್ಕಾ?" ಅವನು ನಕ್ಕ.

"ಬೇಡ ಬಿಡು. ಆ ಕಾಗದದ ತಾರೀಕೇ ಹೇಳುತ್ತೆ." ಅವಳು ಅತ್ತೆಯ ಕಡೆ ತಿರುಗಿದಳು. "ನಾಳೆ ಅಂಗಡಿ ಬಾಗಿಲು ಹಾಕೋಣ ಅತ್ತೆ. ವಕೀಲರನ್ನ ಹುಡುಕ್ಬೇಕು."

ಅವನ ನಗು ಅರ್ಧಕ್ಕೇ ನಿಂತಿತು.

ಅವಳು ಪ್ಯಾಂಟು ಕಿತ್ತುಕೊಂಡು ಸೊಂಟದ ಹೊಲಿಗೆ ಬಿಚ್ಚಿದಳು, ಒಳಕ್ಕೆ ಹಿಡಿದಳು, ಹೊಲಿದಳು. ಆಮೇಲೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಒತ್ತಿದಳು. ಕೆಲಸ ಮುಗಿದ ಬಟ್ಟೆಯನ್ನು ಇಸ್ತ್ರಿ ಮಾಡದೆ ಅವಳು ಯಾರಿಗೂ ಕೊಟ್ಟವಳಲ್ಲ. ಸುಟ್ಟ ಕೈಯಲ್ಲೇ ಪೆಟ್ಟಿಗೆಯನ್ನು ಎತ್ತಿದಾಗ ಸ್ಟೂಲು ಕಿರ್ರೆಂದಿತು. ಅವನು ಎದ್ದಿದ್ದ. ನೀರು ಚಿಮುಕಿಸಿದ ಬಟ್ಟೆಯ ಮೇಲೆ ಬಿಸಿ ಚುಂಯ್ ಎಂದಾಗ ಅವನು ಹೊಸ್ತಿಲ ಹತ್ತಿರವಿದ್ದ. ಇನ್ನೊಮ್ಮೆ ಚುಂಯ್ ಎಂದಾಗ, ಹೊಸ್ತಿಲಾಚೆ.



ಸೊಸೆ ಪ್ಯಾಂಟು ಮಡಿಸಿ ಎಡಗೈಯಲ್ಲಿ ಚಾಚಿದಳು. ಬಲಗೈಯಲ್ಲಿ ಪೆಟ್ಟಿಗೆ ಹಾಗೇ ಇತ್ತು.

"ಬಾ, ತಗೋ."

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವನು ರಸ್ತೆಯಲ್ಲೇ ನಿಂತಿದ್ದ.