ಹನ್ನೊಂದರ ಮೇಲೆ ಯಾರ ಮಗಳು

ಕುಲ್ಪಾಷ್ ಅಪಾ ತಪ್ಪೊಪ್ಪಿಕೊಳ್ಳಲೆಂದೇ ಬಂದಿದ್ದಳು. ಕಚೇರಿಯವರು ಮಾತ್ರ, ನಿಮ್ಮದೇನೂ ತಪ್ಪಿಲ್ಲ, ಮನೆಗೆ ಹೋಗಿ ಎನ್ನುತ್ತಿದ್ದರು. ಊರಿಗೆಲ್ಲ ಅಪಾ, ಅಂದರೆ ಹಿರಿಯಮ್ಮ, ಆಗಿದ್ದ ಅರವತ್ತೆಂಟರ ಮುದುಕಿಗೆ ಇಂಥ ಅವಮಾನ ಹಿಂದೆಂದೂ ಆಗಿರಲಿಲ್ಲ.

ನಡೆದದ್ದು ಇಷ್ಟೇ. ಪಕ್ಕದ ಮನೆಯಲ್ಲಿ ಮಗು ಹುಟ್ಟಿತ್ತು. ಹಸುಗೂಸಿನ ಮೇಲೆ ಕೆಟ್ಟದರ ಕಣ್ಣು ಬೀಳದಿರಲೆಂದು ಮೊದಲ ಮೂರು ರಾತ್ರಿ ಊರ ಹುಡುಗ ಹುಡುಗಿಯರು ಎಚ್ಚರವಿದ್ದು ಹಾಡುವುದು ಹಿರಿಯರ ಕಾಲದಿಂದ ಬಂದದ್ದು. ಹದಿನಾಲ್ಕರ ಇಂಕಾರ್ ಎರಡು ತಂತಿಯ ದೊಂಬ್ರ ಹಿಡಿದರೆ ಕೂಸಿರಲಿ, ಕೂಸಿನ ಅಜ್ಜನೂ ಅಳು ನಿಲ್ಲಿಸುತ್ತಿದ್ದ. ಹನ್ನೊಂದು ಇಪ್ಪತ್ತಕ್ಕೆ ಅಪಾ ಅವಳ ಕೈಹಿಡಿದು ಮನೆಗೆ ಹೊರಟಾಗ ಪೊಲೀಸ್ ಜೀಪು ಅಡ್ಡ ನಿಂತಿತು. ಹನ್ನೊಂದರಿಂದ ಬೆಳಗಿನ ಆರರವರೆಗೆ ಹದಿನೆಂಟು ತುಂಬದವರು ತಂದೆತಾಯಿಯಿಲ್ಲದೆ ಬೀದಿಯಲ್ಲಿರಕೂಡದು. ಇದ್ದರೆ ದಂಡ ಹೆತ್ತವರಿಗೆ.

"ಈ ಹುಡುಗಿ ನಿಮಗೇನಾಗಬೇಕು?" ಎಂದಳು ಜೀಪಿನಿಂದಿಳಿದ ಲೆಫ್ಟಿನೆಂಟ್ ಮೆರುಯೆರ್ತ್.

"ನನ್ನ ಮಗಳು."

ಲೆಫ್ಟಿನೆಂಟ್ ಟಾರ್ಚನ್ನು ಮುದುಕಿಯ ಮುಖಕ್ಕೊಮ್ಮೆ, ಹುಡುಗಿಯ ಮುಖಕ್ಕೊಮ್ಮೆ ಹಿಡಿದು ನಕ್ಕಳು. ಜನನಪತ್ರ ತರಿಸಿ ನೋಡಿದರೆ ತಾಯಿಯ ಹೆಸರು ಗೌಹರ್ ಎಂದಿತ್ತು. ಗೌಹರ್ ಅಪಾಳ ಸೊಸೆ. ಗಂಡ, ಇನ್ನಿಬ್ಬರು ಮಕ್ಕಳೊಂದಿಗೆ ಕರಗಂಡ ಪಟ್ಟಣದಲ್ಲಿದ್ದಾಳೆ. ಅಲ್ಲಿಗೆ ಕಾಗದದ ಪ್ರಕಾರ ಹುಡುಗಿ ಬೀದಿಯಲ್ಲಿ ಒಂಟಿ. ಗೌಹರ್ ಮಗುವನ್ನು ಅಲಕ್ಷ್ಯ ಮಾಡಿದ ತಾಯಿ. ಮೂರನೆಯ ದಿನ ಅವಳನ್ನು ಬಸ್ಸು ಹತ್ತಿಸಿ ಕರೆಸಿದರು.

ಚೊಚ್ಚಲ ಮಗುವನ್ನು ಗಂಡನ ತಂದೆತಾಯಿಯ ಮಡಿಲಿಗೆ ಹಾಕುವುದು ಈ ಸೀಮೆಯ ಪದ್ಧತಿ. ಹಾಲು ಬಿಡಿಸಿದ ವರ್ಷ ಗೌಹರ್ ಇಂಕಾರಳನ್ನು ತಂದು ಅತ್ತೆಯ ತೊಡೆಯ ಮೇಲಿಟ್ಟಿದ್ದಳು. ಅಂದಿನಿಂದ ಇಂಕಾರಳಿಗೆ ಅಪಾ ಎಂದರೆ ಅಮ್ಮ, ಗೌಹರ್ ಎಂದರೆ ಅಕ್ಕ. ಊರಿಗೆಲ್ಲ ಗೊತ್ತಿದ್ದ ಸಂಗತಿಗೆ ಕಾಗದ ಯಾರು ಮಾಡಿಸುತ್ತಾರೆ?

ಈಗ ಊರ ಆಡಳಿತಗಾರ ಓರ್ದಬೆಕ್‌ನ ಕಚೇರಿಯಲ್ಲಿ ಅಪಾ, ಇಂಕಾರ್, ಗೌಹರ್, ಲೆಫ್ಟಿನೆಂಟ್ ಎಲ್ಲರೂ ಕೂತಿದ್ದರು. ಯಾರೂ ಮುಟ್ಟದ ಚಹಾ ಆರುತ್ತಿತ್ತು.

"ಅಪಾ, ನಿಮಗೆ ದಂಡ ಹಾಕೋಕೆ ಬರಲ್ಲ," ಎಂದಳು ಲೆಫ್ಟಿನೆಂಟ್. "ಕಾನೂನಿನ ಕಣ್ಣಿಗೆ ಆ ರಾತ್ರಿ ನೀವು ಅಲ್ಲಿ ಇರಲೇ ಇಲ್ಲ."

"ಇರ್ಲಿಲ್ವಾ? ಹಂಗಾದ್ರೆ ಕಣ್ಣಿಗೆ ಟಾರ್ಚು ಬಿಡಬೇಡ ಅಂತ ನಿನ್ನ ಬೈದೋಳು ಯಾರೇ? ನಮ್ಮತ್ತೆ ದೆವ್ವನಾ?"

ಓರ್ದಬೆಕ್ ಆರಿದ ಚಹಾದ ಬಟ್ಟಲೆತ್ತಿ ಅದರೊಳಗೆ ನಗು ಅಡಗಿಸಿ, "ಹನ್ನೆರಡು ವರ್ಷದಿಂದ ಬಡ್ಕೊಳ್ತಿದ್ದೀನಿ ಅಪಾ, ಪೋಷಕರ ಕಾಗದ ಒಂದು ಮಾಡಿಸಿ ಅಂತ," ಎಂದ.

"ಅದರಲ್ಲಿ ಏನಂತ ಬರೀಬೇಕು? ನಿನ್ನ ಬಾಯಲ್ಲೇ ಹೇಳು."

"ಹೆತ್ತವರು ಮಗುವನ್ನ ನೋಡ್ಕೊಳ್ಳಲ್ಲ ಅಂತ... ಸುಮ್ನೆ ಶಾಸ್ತ್ರಕ್ಕೆ."

"ಕೇಳಿದ್ರಾ! ಅವಳು ಬಿಟ್ಟು ಹೋದೋಳಲ್ಲ, ಕೊಟ್ಟು ಹೋದೋಳು. ದಿನಕ್ಕೆ ಐದು ಸಲ ದೇವರ ಮುಂದೆ ಎತ್ತೋ ಕೈ ಇದು ಓರ್ದಬೆಕ್. ಇದರಲ್ಲಿ ಅಂಥ ಸುಳ್ಳು ಬರೀಲಾ, ಶಾಸ್ತ್ರಕ್ಕೆ?"

ಲೆಫ್ಟಿನೆಂಟ್ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಅವಳ ದನಿ ಇಳಿಯಿತು. "ಹೋದ ಚಳಿಗಾಲ ಬಸ್ ನಿಲ್ದಾಣದ ಹಿಂದೆ ಒಂದು ಮಗು ಸೆಟೆದು ಬಿದ್ದಿತ್ತು. ಎತ್ಕೊಂಡು ಬಂದೋಳು ನಾನು. ಅದರ ಮನೇಲಿ ಬೆಳಗಾಗೋವರೆಗೆ ಯಾರೂ ಹುಡುಕಿರ್ಲಿಲ್ಲ. ನನಗೇನು ರಾತ್ರಿಯೆಲ್ಲ ಬೀದಿ ಸುತ್ತೋ ಹುಚ್ಚಾ?"

ಅಪಾ ಎರಡೂ ಅಂಗೈಯಿಂದ ಮುಖ ಸವರಿಕೊಂಡು ಆ ಮಗುವಿಗಾಗಿ ತುಟಿಯಲ್ಲೇ ಪ್ರಾರ್ಥಿಸಿದಳು. ಆಮೇಲೆ, "ಅಂಥ ಮನೆ ಬಾಗಿಲು ತಟ್ಟೋಕೆ ಹೋಗುವಾಗ ನನ್ನನ್ನೂ ಕರಿ, ತಾಯಿ. ಬರ್ತೀನಿ. ಆದ್ರೆ ಈ ಹುಡುಗಿಯ ಕೈ ನನ್ನ ಕೈಯಲ್ಲಿತ್ತು. ತಪ್ಪಾದ್ರೆ ನಂದು. ನನ್ನ ಹೆಸರೇ ಬರಿ," ಎಂದಳು.

"ಈ ದಂಡದ ಕಾಗದದಲ್ಲಿ ತಾಯಿ ಅನ್ನೋ ಸಾಲಿದೆ, ಅಲ್ಲಿ ನಿಮ್ಮ ಹೆಸರಿಗೆ ಜಾಗ ಇಲ್ಲ ಅಪಾ. ಒಂದೇ ದಾರಿ ಇದೆ. ತಾಯಿ ಮಗಳನ್ನ ಕರಗಂಡಕ್ಕೆ ಕರ್ಕೊಂಡು ಹೋಗಲಿ. ಈ ಕಾಗದ ಇಲ್ಲೇ ಹರಿದು ಹಾಕ್ತೀನಿ."

ಮೂರು ರಾತ್ರಿಯಿಂದ ಅಪಾ ಹೆದರಿದ್ದು ಇದೊಂದೇ ಮಾತಿಗೆ. ಮಕ್ಕಳು ದೇವರ ಅಮಾನತ್ತು, ನಂಬಿ ಇರಿಸಿಹೋದ ಸೊತ್ತು; ಇಟ್ಟವರು ಕೇಳಿದಾಗ ಇಲ್ಲವೆನ್ನಬಾರದು. ಅವಳು ಸೊಸೆಯತ್ತ ನೋಡಿದಳು. ಪ್ರತಿ ವರ್ಷ ವಸಂತದ ಹಬ್ಬಕ್ಕೆ ಇಂಕಾರಳಿಗೆಂದು ಗೌಹರ್ ತರುವ ಅಂಗಿ ಒಂದಳತೆ ಚಿಕ್ಕದೇ ಇರುತ್ತಿತ್ತು. ಅವಳ ಕಣ್ಣಲ್ಲಿ ಉಳಿದದ್ದು ಹೋದ ವರ್ಷದ ಮಗು. ಹಿರಿಯರ ಮುಂದೆ ಒಂದು ದಿನವೂ ಅವಳು 'ನನ್ನ ಮಗಳು' ಎಂದವಳಲ್ಲ. ಈಗ ಅವಳ ಕಣ್ಣು ಇಂಕಾರಳ ಜಡೆಯ ಮೇಲೇ ನೆಟ್ಟಿತ್ತು.

ಅಪಾ ಮಂಡಿ ಹಿಡಿದು ಎದ್ದು ನಿಂತಳು.

"ಲೆಫ್ಟಿನೆಂಟಮ್ಮ, ಇವಳನ್ನ ಕೊಡು ಅಂತ ಕೇಳೋ ಹಕ್ಕು ನಿನಗಿಲ್ಲ, ನಿನ್ನ ಸರ್ಕಾರಕ್ಕೂ ಇಲ್ಲ. ಇರೋದು ಗೌಹರ್ ಒಬ್ಬಳಿಗೆ. ಗೌಹರ್, ಕೇಳ್ತೀಯೇನಮ್ಮ? ಬೇಕು ಅನ್ನಿಸಿ ಕೇಳಿದ್ರೆ ಇವತ್ತೇ ಗಂಟು ಕಟ್ಟಿ ಕಳಿಸ್ತೀನಿ, ಒಂದು ಹನಿ ಕಣ್ಣೀರು ಹಾಕಲ್ಲ. ಆದ್ರೆ ಈ ಕಾಗದಕ್ಕೆ ಹೆದರಿ ಮಾತ್ರ ಕೇಳಬೇಡ. ಹೆದರಿ ಕೇಳಿದ್ರೆ ಕೊಡಲ್ಲ."

"ಅಪಾ, ನಾನೇನು ಕುರಿಮರಿನಾ, ಕಟ್ಟಿ ಕಳಿಸೋಕೆ?" ಎಂದಳು ಇಂಕಾರ್. ದನಿಯಲ್ಲಿ ತಮಾಷೆ ಇತ್ತು, ಕೈ ಮಾತ್ರ ಅಪಾಳ ತೋಳನ್ನು ಬಿಗಿಯಾಗಿ ಹಿಡಿದಿತ್ತು. "ನನ್ನನ್ನ ಯಾರೂ ಕೇಳೋದೇ ಇಲ್ವಾ? ನಾನು ಎಲ್ಲಿಗೂ ಹೋಗಲ್ಲ."

ಗೌಹರ್ ಕುರ್ಚಿ ಮುಂದಕ್ಕೆಳೆದುಕೊಂಡು, "ನನ್ನ ಹೇಳಿಕೆ ಬರೀಬಹುದಾ?" ಎಂದು ಪೆನ್ನು ತೆಗೆದುಕೊಂಡಳು. ಎರಡೇ ಸಾಲು ಬರೆದು ಕಾಗದವನ್ನು ಲೆಫ್ಟಿನೆಂಟಳ ಕಡೆಗೆ ತಿರುಗಿಸಿದಳು. ಲೆಫ್ಟಿನೆಂಟ್ ಗಟ್ಟಿಯಾಗಿ ಓದಿದಳು: "'ಆ ರಾತ್ರಿ ಇಂಕಾರ್ ಒಂಟಿಯಾಗಿರಲಿಲ್ಲ. ಅವಳ ತಾಯಿ ಜೊತೆಯಲ್ಲಿದ್ದಳು.' ಏನ್ರೀ ಇದು? ಆ ರಾತ್ರಿ ನೀವು ಕರಗಂಡದಲ್ಲಿದ್ರಿ."

"ಹೌದು. ನಾನು ಕರಗಂಡದಲ್ಲಿದ್ದೆ."

"ಮತ್ತೆ ತಾಯಿ ಜೊತೆಯಲ್ಲಿದ್ದಳು ಅಂತ..."

"ಇದ್ದಳಲ್ಲ. ಟಾರ್ಚು ಬಿಟ್ಟು ನೋಡಿದೋರು ನೀವೇ. ಕಾನೂನಿನ ಪ್ರಕಾರ ತಾಯಿ ಯಾರು ಅಂತ ಹೇಳಬೇಕಾದೋಳು ನಾನು ತಾನೆ? ಹೇಳಿದ್ದೀನಿ." ಅವಳು ಇಂಕಾರಳ ಜಡೆಯತ್ತ ಒಮ್ಮೆ ನೋಡಿ ಸಹಿ ಹಾಕಿದಳು. ಹೆತ್ತ ಕರುಳು ಒಂದೇ ಮಗುವನ್ನು ಎರಡನೆಯ ಸಲ ಕೊಡುತ್ತಿದೆ ಎಂಬುದು ಆ ಕೋಣೆಯಲ್ಲಿ ಅಪಾಳೊಬ್ಬಳಿಗೆ ತಿಳಿಯಿತು. ಅವಳು ಬಂದು ಸೊಸೆಯ ನೆತ್ತಿಗೆ ಮುತ್ತಿಟ್ಟಳು. ಆಮೇಲೆ ಕನ್ನಡಕ ಏರಿಸಿಕೊಂಡು, ದಂಡದ ಕಾಗದದ ತಾಯಿಯ ಹೆಸರೆಂಬ ಸಾಲಿನಲ್ಲಿ, ತನ್ನ ಹೆಸರನ್ನೂ ತನ್ನ ತಂದೆಯ ಹೆಸರನ್ನೂ ದುಂಡಗೆ ಬರೆದಳು.

"ಇದು ನಿಲ್ಲಲ್ಲ ಅಪಾ," ಎಂದಳು ಲೆಫ್ಟಿನೆಂಟ್. ಕಿತ್ತುಕೊಳ್ಳಲು ಮಾತ್ರ ಕೈ ಚಾಚಲಿಲ್ಲ.

"ನಿಲ್ಲೋದು ಬೀಳೋದು ದೇವರಿಗೆ ಬಿಟ್ಟಿದ್ದು. ನೀನು ಕಳಿಸು."

ಹದಿನೈದು ದಿನಕ್ಕೆ ಓರ್ದಬೆಕ್ ತಾನೇ ಅಪಾಳ ಮನೆಗೆ ಬಂದ. ಜಿಲ್ಲೆಯಿಂದ ಕಾಗದ ವಾಪಸಾಗಿತ್ತು. ಅಪಾಳ ಹೆಸರಿಗೆ ಕೆಂಪು ಗೀಟು ಎಳೆದು, ನಮೂನೆ ಸರಿಯಿಲ್ಲ, ಹೊಸದಾಗಿ ತುಂಬಿ ಎಂದು ಬರೆದಿದ್ದರು. ಅವನು ಸಂಕೋಚದಿಂದ ಒಂದು ಖಾಲಿ ನಮೂನೆ ಮುಂದಿಟ್ಟ.

ಅಪಾ ಹಿಟ್ಟು ನಾದುತ್ತಿದ್ದಳು. ಕೈ ಒರೆಸಿಕೊಂಡು, ಬಿಸ್ಮಿಲ್ಲಾ ಎಂದು, ಅದೇ ಸಾಲಿನಲ್ಲಿ ಅದೇ ಹೆಸರನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆದು ಅವನ ಕೈಗಿಟ್ಟಳು.

"ಒಂದೇ ತಂದಿದ್ದೀಯಲ್ಲೋ," ಎಂದಳು. "ಮುಂದಿನ ಸಲ ಬರೋವಾಗ ಒಂದು ಹತ್ತು ತಾ."