ಕಾವಿ ದಾರದ ಹೊಲಿಗೆ

ಭಾನುವಾರ ಮಧ್ಯಾಹ್ನ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾಗುವ ಹೊತ್ತಿಗೆ ಬುಸಬಾಳ ಹೊಲಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾನ್ ಸಾಕ್ ಪೇಟೆಯಲ್ಲೇ ನಡೆದ ಕೊಲೆಯ ಕಥೆ ಅದು. ಹೆಸರುಗಳನ್ನು ಬದಲಿಸಿದ್ದರು, ಆದರೆ ಯಾವ ಪಾತ್ರ ಯಾರದೆಂದು ಊರಿನ ಮಕ್ಕಳಿಗೂ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ, ಭಿಕ್ಷುಗಳು ಮಳೆಗಾಲದ ವ್ರತ ಹಿಡಿಯುವ ದಿನ, ನದಿಯ ದಂಡೆಯಲ್ಲಿ ಒಬ್ಬಳೇ ವಾಸವಿದ್ದ ಮುದುಕಿ ಖಾಂಪಾಳ ಕತ್ತು ಹಿಸುಕಿ ಯಾರೋ ಚಿನ್ನದ ಸರ ಕಿತ್ತುಕೊಂಡು ಹೋಗಿದ್ದರು. ಮೆಟ್ಟಿಲ ಬುಡದಲ್ಲಿ ಒಂದು ಜೊತೆ ಚರ್ಮದ ಚಪ್ಪಲಿ ಉಳಿದಿತ್ತು. ಕೊಲ್ಲಲು ಬಂದವನೂ ಚಪ್ಪಲಿ ಬಿಟ್ಟೇ ಮನೆಯೊಳಗೆ ಹೋಗಿದ್ದ. ಹುಟ್ಟಿನಿಂದ ಬಂದ ಅಭ್ಯಾಸ, ಪಾಪ ಮಾಡಲು ಹೊರಟ ಕಾಲನ್ನೂ ಬಿಡುವುದಿಲ್ಲ. ಓಡುವ ಗಾಬರಿಯಲ್ಲಿ ಮರೆತಿದ್ದ, ಅಷ್ಟೆ. ಚಪ್ಪಲಿಯ ಹಿಮ್ಮಡಿಯಲ್ಲಿ ಸುಟ್ಟು ಒತ್ತಿದ ಮೀನಿನ ಗುರುತಿತ್ತು. ವಿಹಾರದ ಬಾಗಿಲಲ್ಲಿ ಅದಲುಬದಲಾಗದಿರಲೆಂದು ದೋಣಿ ದುರಸ್ತಿಯ ಥೊಂಗ್‌ಬಾಯ್ ತನ್ನ ಚಪ್ಪಲಿಗೆ ಹಾಕಿಕೊಂಡಿದ್ದ ಗುರುತು.

ಠಾಣೆಯಲ್ಲಿ ಎರಡು ದಿನ ಕಳೆದ ಮೇಲೆ ಅವನು ಒಪ್ಪಿಕೊಂಡ. ಪೊಲೀಸರು ಅವನನ್ನು ಅದೇ ಮನೆಗೆ ಕರೆತಂದು, ಹೇಗೆ ಕೊಂದೆಯೋ ಹಾಗೇ ಮಾಡಿ ತೋರಿಸೆಂದು ಜನರ ಮುಂದೆ, ಕ್ಯಾಮರಾಗಳ ಮುಂದೆ ನಿಲ್ಲಿಸಿದರು. ಆ ಗುಂಪಿನಲ್ಲಿ ಬುಸಬಾಳೂ ಇದ್ದಳು. ಸದಾ ಅಳೆದು ತೂಗಿ ಮಾತಾಡುವವಳು ಅಂದು ಅವನ ಮುಖಕ್ಕೆ ಉಗಿದು ಬಂದಿದ್ದಳು. ಆಮೇಲೆ ಅವನು ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡನಂತೆ, ನ್ಯಾಯಾಲಯದಲ್ಲಿ ಏನೇನೋ ಹೇಳಿದನಂತೆ. ಅದನ್ನೆಲ್ಲ ಕೇಳುವ ಅಗತ್ಯ ಅವಳಿಗೆ ಕಂಡಿರಲಿಲ್ಲ. ಜೀವಾವಧಿ ಶಿಕ್ಷೆಯಾಯಿತೆಂದು ತಿಳಿದಾಗ ನೆಮ್ಮದಿಯಾಗಿ ಮಲಗಿದ್ದಳು.

ಪರದೆಯ ಮೇಲೆ ಥೊಂಗ್‌ಬಾಯ್ ಪಾತ್ರದ ನಟ ಕಟಕಟೆಯಲ್ಲಿ ಕಣ್ಣು ತುಂಬಿಕೊಂಡು ನಿಂತಿದ್ದ.

“ಥೊಂಗ್‌ಬಾಯ್ ಇವನ ಕಾಲುಭಾಗ ಚೆಂದ ಇದ್ದಿದ್ರೂ ಜಡ್ಜಮ್ಮ ಅವತ್ತೇ ಬಿಟ್ಟು ಕಳಿಸ್ತಿದ್ಲು,” ಎಂದಳು ಲಾಮ್‌ದುವನ್ ಚಿಕ್ಕಮ್ಮ.

“ನಿಮ್ಮನ್ನ ಜಡ್ಜ್ ಮಾಡಿದ್ರೆ ಮನೆಗೇ ಕರ್ಕೊಂಡು ಹೋಗ್ತಿದ್ರಿ,” ಎಂದಳು ಶಾವಿಗೆ ಮಾರುವ ವಿಲಾಯ್. ಎಲ್ಲರೂ ನಕ್ಕರು.

ಕಟಕಟೆಯಲ್ಲಿದ್ದವನು ಹೇಳತೊಡಗಿದ. ಅಂದು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ವಿಹಾರದಿಂದ ಹೊರಬಂದಾಗ ನನ್ನ ಚಪ್ಪಲಿ ಇರಲಿಲ್ಲ. ಎಲ್ಲರೂ ಹೋದ ಮೇಲೆ ಉಳಿದ ಒಂದೇ ಜೊತೆ ಮೆಟ್ಟಿಕೊಂಡು ಮನೆಗೆ ಬಂದೆ. ಸರ್ಕಾರಿ ವಕೀಲ ಹಲ್ಲು ಕಿರಿದು, ಸಿಕ್ಕಿಬಿದ್ದವರೆಲ್ಲ ಹೇಳುವ ಕಥೆಯೇ ಇದು ಎಂದ.

ಅಷ್ಟರಲ್ಲಿ ನಟರು ಮಾಯವಾಗಿ ಥೊಂಗ್‌ಬಾಯ್‌ನ ನಿಜವಾದ ಹೆಂಡತಿ ಪರದೆಗೆ ಬಂದಳು. ಮಡಿಲಲ್ಲಿದ್ದ ಬಟ್ಟೆಗಂಟನ್ನು ಬಿಚ್ಚಿ ಅವಳು ಒಂದು ಜೊತೆ ಹಳೆಯ ಚಪ್ಪಲಿ ಎತ್ತಿ ಹಿಡಿದಳು. ಅವತ್ತು ಗಂಡ ಮೆಟ್ಟಿಕೊಂಡು ಬಂದದ್ದು ಇದೇ, ಇದರ ಒಡೆಯ ಯಾರೆಂದು ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ ಎಂದಳು. ಕ್ಯಾಮರಾ ಹತ್ತಿರ ಹೋಯಿತು. ಎಡಗಾಲಿನ ಪಟ್ಟಿ ಹರಿದಿತ್ತು. ಅದನ್ನು ಕಾವಿ ದಾರದಲ್ಲಿ ಹೊಲಿದು, ಕೊನೆಯಲ್ಲಿ ಪುಟ್ಟ ತ್ರಿಕೋನ ಹಾಕಿ ಮುಗಿಸಲಾಗಿತ್ತು.

ಬುಸಬಾ ಪರದೆಯ ಕಡೆ ಬಾಗಿ ನೋಡಿದಳು.

ಭಿಕ್ಷುಗಳು ಉಡುವ ಚೀವರ ಹೊಲಿದು ಮಿಕ್ಕ ದಾರ ಅದು. ತ್ರಿಕೋನ ಹಾಕಿ ಮುಗಿಸುವುದು ಅವಳ ತಾಯಿ ಕಲಿಸಿದ ಪಟ್ಟು. ತಾಯಿ ಹೋದ ಮೇಲೆ ಊರಲ್ಲಿ ಹಾಗೆ ಹೊಲಿಯುವವಳು ಇವಳೊಬ್ಬಳೇ. ಆ ವರ್ಷ ವ್ರತದ ಹಿಂದಿನ ದಿನ ಗಂಡ ಸಾವಟ್ ಹರಿದ ಚಪ್ಪಲಿ ತಂದು ಮುಂದಿಟ್ಟಿದ್ದ. ಮರುದಿನ ಬೆಳಿಗ್ಗೆ ಅದನ್ನೇ ಮೆಟ್ಟಿ ವಿಹಾರಕ್ಕೆ ಹೋದವನು ಮಧ್ಯಾಹ್ನ ಬರಿಗಾಲಲ್ಲಿ ಬಂದಿದ್ದ, ಮೊಣಕಾಲುದ್ದ ಕೆಸರು. ವಿಹಾರದ ನಾಯಿಗಳು ಚಪ್ಪಲಿ ಕಚ್ಚಿಕೊಂಡು ಹೋದವೆಂದಿದ್ದ. ನಾಯಿಗಳು ಹಾಗೆ ಮಾಡುವುದುಂಟು. ಅವಳು ಕಾಲಿಗೆ ಬಿಸಿನೀರು ಕೊಟ್ಟಿದ್ದಳು.

ಇವನ ಚಪ್ಪಲಿ ಥೊಂಗ್‌ಬಾಯ್‌ಗೆ ಉಳಿದಿದ್ದರೆ ಥೊಂಗ್‌ಬಾಯ್‌ನದನ್ನು ಮೆಟ್ಟಿಕೊಂಡು ಹೋದವನು ಇವನೇ. ಖಾಂಪಾಳ ಮೆಟ್ಟಿಲ ಬುಡದಲ್ಲಿ ಅದನ್ನು ಬಿಟ್ಟವನೂ ಇವನೇ.

“ಹೊಲಿಗೆ ನೋಡ್ರೇ, ಎಷ್ಟು ಅಚ್ಚುಕಟ್ಟು,” ಎಂದಳು ಚಿಕ್ಕಮ್ಮ.

ಸಾವಟ್ ಹಿತ್ತಲಲ್ಲಿ ಕೋಳಿಗೂಡು ಸರಿಮಾಡುತ್ತಿದ್ದ. ಮೊದಲು ಹೋಗಿ ಅವನನ್ನೇ ಕೇಳಬೇಕೆಂದು ಬುಸಬಾ ಅರ್ಧ ಎದ್ದಳು. ಎದ್ದವಳು ಹಾಗೇ ನಿಂತಳು. ಕೇಳಿದರೆ ಅವನೊಂದು ಕಾರಣ ಹೇಳುತ್ತಾನೆ, ನಾನು ನಂಬುತ್ತೇನೆ. ಹನ್ನೊಂದು ವರ್ಷ ನಂಬಿದವಳಿಗೆ ಇನ್ನೊಂದು ದಿನ ಕಷ್ಟವಲ್ಲ. ಆಮೇಲೆ ಈ ಮಾತು ಎಂದೂ ಬಾಯಿಂದ ಹೊರಬರುವುದಿಲ್ಲ, ಥೊಂಗ್‌ಬಾಯ್ ಜೈಲಲ್ಲೇ ಸಾಯುತ್ತಾನೆ.

“ಅದು ನನ್ನ ಹೊಲಿಗೆ,” ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ವಿಲಾಯ್ ನಗಲು ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿಕೊಂಡಳು.

“ನಮ್ಮನೆಯವ್ರ ಚಪ್ಪಲಿ. ವ್ರತದ ಹಿಂದಿನ ದಿನ ನಾನೇ ಹೊಲಿದು ಕೊಟ್ಟಿದ್ದು.”

ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು. ಸಾವಟ್ ಪರದೆಯನ್ನು ನೋಡಿದ, ಹೆಂಗಸರನ್ನು ನೋಡಿದ.

“ಅವತ್ತೇ ಹೇಳಿದ್ನಲ್ಲ, ನಾಯಿ ಎತ್ಕೊಂಡು ಹೋಯ್ತು ಅಂತ.”

ಅವನನ್ನು ಇನ್ನೂ ಯಾರೂ ಏನೂ ಕೇಳಿರಲಿಲ್ಲ. ಏನಾದರೂ ಗೊತ್ತಿದ್ದವರು ಕರೆ ಮಾಡಬೇಕಾದ ನಂಬರು ಪರದೆಯ ಕೆಳಗೆ ಬಂತು. ಬುಸಬಾ ಅದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡು ಫೋನ್ ಕೈಗೆತ್ತಿಕೊಂಡಳು. ಮೊದಲ ಸಲ ಒಂದು ಅಂಕಿ ತಪ್ಪಾಯಿತು, ಮತ್ತೆ ಒತ್ತಿದಳು.

“ಚಿಕ್ಕಮ್ಮ, ಯಾರೂ ಎದ್ದು ಹೋಗ್ಬೇಡಿ,” ಎಂದಳು ಗಂಡನ ಕಡೆ ನೋಡದೆ. “ನಾನು ಮಾತಾಡಿ ಮುಗಿಸೋವರೆಗೂ ಇಲ್ಲೇ ಕೂತಿರಿ.”