ಹದಿನಾಲ್ಕನೇ ಮಡಿ

“ಅಲ್ಲೇ ನಿಂತ್ಕೊ ಮುಂಡೆ. ಕಾಲು ಒಳಕ್ಕಿಕ್ಕಿದ್ರೆ ಮುರಿದು ಕೈಗೆ ಕೊಡ್ತೀನಿ.”

ಬೈಗುಳವೂ ಅದೇ, ನಿಜವೂ ಅದೇ. ನಾನು ನಿಂತೆ.

ಬಾಬಾ ಸಿಗೋಲಾ ತೋಟದ ಗೇಟಿಗೆ ಅಡ್ಡ ನಿಂತಿದ್ದ. ತೋಟದ ಸಮಿತಿಗೆ ಅವನೇ ಅಧ್ಯಕ್ಷ, ಎಲ್ಲರಿಗೂ ಬಾಬಾ, ಅಂದರೆ ಅಪ್ಪ. ಅವನ ತಲೆಯ ಮೇಲೆ ನಗರ ತೋಟ ಯೋಜನೆಯ ಫಲಕವಿತ್ತು. “ವಿಧವೆಯರಿಗೆ, ವೃದ್ಧರಿಗೆ, ದಿಕ್ಕಿಲ್ಲದವರಿಗೆ” ಎಂದು ಹಸಿರು ಅಕ್ಷರ. ಪಕ್ಕದಲ್ಲಿ ಎಲೆಕೋಸು ಹಿಡಿದು ನಗುವ ಹೆಂಗಸಿನ ಚಿತ್ರ. ಆಕೆ ಹಳದಿ ಬಟ್ಟೆ ಉಟ್ಟಿದ್ದಳು.

ನಾನು ಕರಿ ಬಟ್ಟೆ ಉಟ್ಟಿದ್ದೆ. ತಲೆಗೆ ಕರಿ, ಹೆಗಲಿಗೆ ಕರಿ, ಕಾಲಿನವರೆಗೂ ಕರಿ. ನನ್ನ ಗಂಡ ಮ್ಥಾಬಿಸಿ ಸತ್ತು ಮೂರು ವಾರವಾಗಿತ್ತು. ಗಡಿಯಾಚೆಯಿಂದ ಸಾಮಾನು ತರುವ ವ್ಯಾನು ಓಡಿಸುತ್ತಿದ್ದ. ರಸ್ತೆಗೆ ಕತ್ತೆ ಅಡ್ಡ ಬಂತಂತೆ. ಕತ್ತೆಯೂ ಸತ್ತಿತಂತೆ.

ನಮ್ಮಲ್ಲಿ ಗಂಡ ಸತ್ತವಳು ಒಂದು ವರ್ಷ ಕರಿ ಬಟ್ಟೆ ಬಿಡುವಂತಿಲ್ಲ. ಬೆಳೆ ನಿಂತ ನೆಲ ಮೆಟ್ಟುವಂತಿಲ್ಲ. ಮೆಟ್ಟಿದರೆ ಎಲೆ ಸುಟ್ಟುಹೋಗುತ್ತದೆ, ಹೂವು ಉದುರುತ್ತದೆ ಎನ್ನುತ್ತಾರೆ.

“ಬಾಬಾ, ಸೊಪ್ಪು ಬಲಿತುಹೋಗ್ತಿದೆ. ಕೊಯ್ದುಕೊಂಡು ಬಂದ್ಬಿಡ್ತೀನಿ.”

“ನಿನ್ ಸೊಪ್ಪು ಬಲೀತದೆ ಅಂತ ನಲವತ್ತು ಜನರ ಬೆಳೆ ಸುಡ್ಬೇಕಾ? ಡಿಗ್ರಿ ಮಾಡಿದ್ದೀಯಲ್ಲ, ಅಷ್ಟೂ ಬುದ್ಧಿ ಬ್ಯಾಡ್ವಾ?”

ಭೂಗೋಳದಲ್ಲಿ ಡಿಗ್ರಿ ಮಾಡಿದ್ದೆ. ಅದರಿಂದ ಕೆಲಸ ಸಿಗಲಿಲ್ಲ. ಅತ್ತೆಯ ಹೆಸರಿನಲ್ಲಿದ್ದ ಹದಿನಾಲ್ಕನೇ ಮಡಿ ಸಿಕ್ಕಿತು. ಅತ್ತೆಗೆ ಒಂದು ಪಕ್ಕ ಬಿದ್ದುಹೋದ ಮೇಲೆ ಮೂರು ವರ್ಷದಿಂದ ನಾನೇ ಗೆಯ್ಯುತ್ತಿದ್ದೆ. ಎಂಟು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಮೆಕ್ಕೆಜೋಳದ ಮುದ್ದೆಯ ಪಕ್ಕ ತಟ್ಟೆಯಲ್ಲಿ ಏನಾದರೂ ಇರುತ್ತಿದ್ದರೆ ಅದು ಆ ಮಡಿಯಿಂದ.

ಮಾರನೆಯ ದಿನದಿಂದ ಬೇಲಿಯ ಹೊರಗೆ ಕುಳಿತೆ. ಒಳಗೆ ಗೋಗೋ ಮಾಲುಂಗಾ ನನ್ನ ಮಡಿಯ ಕಳೆ ತೆಗೆದಳು. ಗೋಗೋ ಎಂದರೆ ಅಜ್ಜಿ. ಎಪ್ಪತ್ತು ದಾಟಿದವಳು, ಇಡೀ ಓಣಿಗೆ ಅಜ್ಜಿ.

“ಆ ಸಾಲಲ್ಲ ಗೋಗೋ, ಪಕ್ಕದ್ದು.”

“ಯಾವ ಪಕ್ಕ? ನಂಗೆ ಎರಡು ಪಕ್ಕ ಅವೆ.”

“ಎಡಕ್ಕೆ.”

“ನಿನ್ ಎಡವೋ ನನ್ ಎಡವೋ? ಯೂನಿವರ್ಸಿಟೀಲಿ ಇದೇನಾ ಕಲ್ತಿದ್ದು, ಬೇಲಿ ಹೊರಗೆ ಕುಂತು ಮುದುಕೀರ ಕೈಲಿ ಗೆಯ್ಸ್ಕೊಳೋದು?”

ಪಕ್ಕದ ಮಡಿಯ ಮಾಂಕಿವಾನೆ ತಲೆ ಎತ್ತಿದಳು. “ಬೇಲಿ ಮೇಲೆ ಕೈ ಮಡಗ್ಬ್ಯಾಡ ಕಣಮ್ಮಿ. ನನ್ ಟೊಮ್ಯಾಟೊ ಗಿಡ ಅಲ್ಲೇ ಅವೆ.”

ಕೈ ತೆಗೆದೆ. ಮಾಂಕಿವಾನೆ ನನ್ನ ಮದುವೆಯಲ್ಲಿ ಮೂರು ದಿನ ಅಡುಗೆ ಮಾಡಿದವಳು.

ಅದು ವಾರವೂ ನಡೆಯಲಿಲ್ಲ. ಒಬ್ಬರ ಮಡಿಗೆ ಇನ್ನೊಬ್ಬರು ಕೈ ಹಾಕಬಾರದು ಎಂಬ ನಿಯಮವನ್ನು ಸಿಗೋಲಾ ಓದಿ ಹೇಳಿದ. ಮೂವತ್ತು ದಿನ ಗೆಯ್ಮೆಯಿಲ್ಲದೆ ಬಿದ್ದ ಮಡಿ ಬೇರೆಯವರಿಗೆ ಹೋಗುತ್ತದೆ ಎಂಬ ನಿಯಮವನ್ನೂ ಓದಿದ. ಚೀಟಿ ಬರೆದು ನನ್ನ ಮಡಿಯ ಗೂಟಕ್ಕೆ ಕಟ್ಟಿದ. ಮಡಿ ಯಾರಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅವನ ಕಿರಿ ಹೆಂಡತಿಯ ತಂಗಿಗೆ.

“ಅವಳ ಗಂಡ ಇನ್ನೂ ಬದುಕವ್ನಲ್ಲ,” ಎಂದಳು ಗೋಗೋ. “ಅವಳೆಂಗೆ ವಿಧವೆ?”

“ಕುಡಿದು ಕುಡಿದು ಸಾಯ್ತಾನೆ ಬುಡು,” ಎಂದ ಸಿಗೋಲಾ.

ಹೆಂಗಸರು ನಕ್ಕರು. ಬೇಲಿಯ ಹೊರಗೆ ನನಗೂ ನಗು ಬಂದಂತಾಯಿತು. ಬರಲಿಲ್ಲ.

ಗುರುವಾರ ಯೋಜನೆಯ ಅಧಿಕಾರಿ ಮಾಫು ಮೋಟಾರ್ ಬೈಕಿನಲ್ಲಿ ಬಂದ. ಮರದ ಕೆಳಗೆ ಮೇಜು ಹಾಕಿಸಿಕೊಂಡು ಕುಳಿತ. ನಾನು ಹತ್ತಿರ ಹೋದಾಗ ಕಾಗದಗಳನ್ನು ತನ್ನ ಕಡೆಗೆ ಎಳೆದುಕೊಂಡ.

“ಸಿಸ್ಟರ್, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ.”

“ಫಲಕದಲ್ಲಿ ವಿಧವೆಯರಿಗೆ ಅಂತ ಇದೆ, ಸರ್.”

“ಇದೆಯಲ್ಲ. ನಾನೇ ಹಾಕಿಸಿದ್ದು.”

“ನಾನು ವಿಧವೆ.”

“ಹೌದು. ಆದ್ರೆ ನೀವು ಈಗಷ್ಟೇ ಆಗಿದ್ದೀರಿ. ಸ್ವಲ್ಪ ಹಳೇದಾಗ್ಬೇಕು. ಮೈಲಿಗೆ ಕಳೀಲಿ. ಮುಂದಿನ ವರ್ಷ ಹೊಸ ಅರ್ಜಿ ಕೊಡಿ, ನಾನೇ ಬರ್ಕೊಡ್ತೀನಿ.”

“ಅಲ್ಲೀವರೆಗೆ ಏನು ತಿನ್ನೋದು?”

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ತಿರುಚಿದ. “ನೋಡಿ, ಸಂಪ್ರದಾಯದ ವಿಷಯಕ್ಕೆ ಯೋಜನೆ ಕೈ ಹಾಕಲ್ಲ. ಅದು ನಮ್ಮ ನೀತಿ. ನಿಮ್ಮ ಜನ, ನಿಮ್ಮ ಪದ್ಧತಿ. ಅದಕ್ಕೆ ನಮ್ಮ ಗೌರವ ಇದೆ.”

ಅವನೂ ನಮ್ಮ ಜನವೇ. ಅವನ ತಾಯಿಯ ಮನೆ ನಮ್ಮ ಹಿಂದಿನ ಓಣಿಯಲ್ಲಿತ್ತು.

ಸಮಾಧಾನ ಹೇಳಲಾಗಿದೆ ಎಂಬ ಕಾಗದಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡ. ನಾನು ಮುಟ್ಟಿದ ಪೆನ್ನನ್ನು ವಾಪಸು ಕೇಳಲಿಲ್ಲ.

ಮನೆಯಲ್ಲಿ ಅತ್ತೆಗೆ ಮುದ್ದೆ ಮುರಿದು ಬಾಯಿಗಿಟ್ಟೆ. ಪಕ್ಕದಲ್ಲಿ ಉಪ್ಪು. ಅವಳು ತಟ್ಟೆಯನ್ನು ನೋಡಿದಳು.

“ಮಡಿ ಓಯ್ತಾ?”

“ಇನ್ನೂ ಇಲ್ಲ.”

“ಅವ್ನಿದ್ದಿದ್ರೆ,” ಎಂದಳು. ಬಾಯಿಯ ಒಂದು ಪಕ್ಕದಿಂದ ಮುದ್ದೆ ಜಾರಿತು. ಒರೆಸಿದೆ.

ಚೀಟಿ ಕಟ್ಟಿದ ಇಪ್ಪತ್ತೊಂಬತ್ತನೆಯ ದಿನ ಗುದ್ದಲಿ ಹಿಡಿದು ಒಳಗೆ ಹೋದೆ. ಮಟಮಟ ಮಧ್ಯಾಹ್ನ. ಸಿಗೋಲಾ ಎಲ್ಲಿಗೋ ಹೋಗಿದ್ದ, ಗೇಟು ತೆರೆದಿತ್ತು. ಕಾಲುವೆಯಿಂದ ಬಕೆಟ್ಟಿನಲ್ಲಿ ನೀರು ಹೊರುತ್ತಿದ್ದ ಹೆಂಗಸರು ನಿಂತರು. ನಾನು ನಡೆದಂತೆ ಒಬ್ಬೊಬ್ಬರೇ ಹಿಂದಕ್ಕೆ ಸರಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ನಡೆಯುವುದು ಸುಲಭವಾಗುತ್ತಿತ್ತು. ಮಾಂಕಿವಾನೆ ತನ್ನ ಟೊಮ್ಯಾಟೊ ಸಾಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಳು. ಮೇಯಲು ಬಂದ ದನಕ್ಕೆ ಹಾಗೆ ನಿಲ್ಲುತ್ತಾರೆ. ಗೋಗೋ ಮುಖ ತಿರುಗಿಸಿದಳು.

ಕಳೆ ಕಿತ್ತೆ. ಬಲಿತ ಎಲೆ ಕೊಯ್ದೆ. ನೀರು ಹಾಕಿದೆ. ಚೀಟಿಯನ್ನು ಗೂಟದಲ್ಲೇ ಬಿಟ್ಟೆ.

ಆ ರಾತ್ರಿ ಅತ್ತೆ, ನಾನು, ನನ್ನ ಪುಟ್ಟ ಮಗಳು, ಮೂವರೂ ಸೊಪ್ಪು ತಿಂದೆವು. ಮಗಳು ಇನ್ನಷ್ಟು ಬೇಕೆಂದಳು.

ಆರನೆಯ ದಿನಕ್ಕೆ ಟೊಮ್ಯಾಟೊ ಗಿಡಗಳು ತಲೆ ಬಗ್ಗಿಸಿದವು. ಮೊದಲು ಮಾಂಕಿವಾನೆಯವು, ಆಮೇಲೆ ಎಲ್ಲರವೂ. ಹೂವು ಉದುರಿತು. ಸೊಪ್ಪಿನ ಅಂಚು ಕಂದಾಯಿತು. ಅಂದಿನಿಂದ ನಮ್ಮ ಮನೆಯ ಮುಂದಿನ ನಲ್ಲಿಗೆ ತೋಟದ ಹೆಂಗಸರು ಯಾರೂ ಬರಲಿಲ್ಲ.

ಬಕೆಟ್ ತುಂಬುತ್ತಿಲ್ಲ ಎಂಬ ಮಾತು ಕಿವಿಗೆ ಬಿದ್ದು ನಾನು ಕಾಲುವೆ ನೋಡಲು ಹೋದೆ. ನಗರದ ಕೊಳಚೆಯನ್ನು ಸೋಸಿ ಬಿಡುವ ನೀರು ಅದು. ತೋಟಕ್ಕೆಂದೇ ಕೊಟ್ಟದ್ದು. ತಳದಲ್ಲಿ ಗೇಣಾಳದ ಕೆಸರು ಉಳಿದಿತ್ತು. ಮೇಲಕ್ಕೆ ಅರ್ಧ ಗಂಟೆ ನಡೆದೆ. ಕಾಲುವೆ ಎರಡಾಗಿ ಒಡೆಯುವಲ್ಲಿ ನಮ್ಮ ಕಡೆಯ ಬಾಯಿಗೆ ಹೊಸ ಹಲಗೆ ಇಳಿಸಿ ಬೀಗ ಹಾಕಿದ್ದರು. ನೀರೆಲ್ಲ ಬಲಕ್ಕೆ ಹರಿಯುತ್ತಿತ್ತು. ಬಲಕ್ಕೆ ಗಾಲ್ಫ್ ಮೈದಾನ. ತಿಂಗಳ ಕೊನೆಗೆ ಅಲ್ಲಿ ದೊಡ್ಡ ಪಂದ್ಯವಿದೆ ಎಂದು ಬಟ್ಟೆಯ ಮೇಲೆ ಬರೆದು ಕಟ್ಟಿದ್ದರು.

ಮರಳಿ ಬಂದಾಗ ಗೇಟಿನ ಬಳಿ ಎಲ್ಲರೂ ಸೇರಿದ್ದರು. ಸಿಗೋಲಾ ನಡುವೆ ಇದ್ದ. ಕಂಡದ್ದನ್ನು ಹೇಳಿದೆ. ಹಲಗೆ, ಬೀಗ, ಮೈದಾನ.

“ಹಲಗೆ ಯಾವತ್ತು ಬಿತ್ತು?” ಸಿಗೋಲಾ ಕೇಳಿದ.

“ಈ ವಾರ ಇರ್ಬೇಕು.”

“ನೀನು ಒಳಗೆ ಕಾಲಿಕ್ಕಿದ್ದು?”

ಉತ್ತರಕ್ಕೆ ಕಾಯದೆ ಅವನು ಹೆಂಗಸರ ಕಡೆಗೆ ತಿರುಗಿದ.

“ಹನ್ನೊಂದು ವರ್ಷದ ತೋಟ ಇದು. ಹನ್ನೊಂದು ವರ್ಷದಲ್ಲಿ ಬೀಳ್ದಿದ್ದ ಹಲಗೆ, ಈ ಮುಂಡೆ ಮೆಟ್ಟಿದ ವಾರಕ್ಕೇ ಬಿತ್ತು. ಹಲಗೆ ಇಳಿಸ್ದೋನು ಯಾರಾದ್ರೂ ಆಗ್ಲಿ. ಇಳಿಸ್ಬೇಕು ಅಂತ ಅವ್ನ ತಲೇಗೆ ಹೊಳೆದಿದ್ದು ಯಾಕೆ?”

ಹೆಂಗಸರು ತಲೆಯಾಡಿಸಿದರು.

ಅವರ ಕಣ್ಣೆದುರೇ ಅವನು ಹದಿನಾಲ್ಕನೇ ಮಡಿಗೆ ಹೋಗಿ, ಬಾಡಿದ ಸೊಪ್ಪಿನ ಗಿಡಗಳನ್ನು ಬೇರುಸಹಿತ ಕಿತ್ತು ಬೇಲಿಯಾಚೆ ನನ್ನ ಕಾಲಬುಡಕ್ಕೆ ಎಸೆದ. ಗೂಟದ ಚೀಟಿ ಹರಿದು ಬೇರೆ ಹೆಸರಿನ ಚೀಟಿ ಕಟ್ಟಿದ. ಜನ ಚದುರಿದರು.

ಗೋಗೋ ಉಳಿದಳು. ದೂರದಲ್ಲಿ ಒಂದು ಕಲ್ಲಿನ ಮೇಲೆ ಕುಳಿತಳು.

“ನೀನೂ ನಂಬ್ತೀಯಾ, ಗೋಗೋ?”

“ನಂಬ್ತೀನಿ.”

“ಹಲಗೆಗೆ ಬೀಗ ಹಾಕಿದ್ದಾರೆ. ಬೇಕಾದ್ರೆ ಬಾ, ತೋರಿಸ್ತೀನಿ.”

“ಹಾಕವ್ರೆ ಅಂತ ನಂಗೂ ಗೊತ್ತು ಕಣಮ್ಮಿ. ದೊಡ್ಡೋರು ನೀರು ಕದೀದಿದ್ದ ಕಾಲ ಯಾವ್ದು ಹೇಳು.” ಮಂಡಿಯ ಮೇಲಿನ ಮಣ್ಣನ್ನು ಉಜ್ಜಿದಳು. “ನನ್ ಗಂಡ ಸತ್ತಾಗ ನಾವು ಹಳ್ಳೀಲಿದ್ವಿ. ಹೊಲ್ದಲ್ಲಿ ಜೋಳ ನಿಂತಿತ್ತು. ನಾನು ಒಂದು ವರ್ಷ ಹೊಲ ಮೆಟ್ಲಿಲ್ಲ. ಯಾರೂ ಕೊಯ್ದು ಕೊಡ್ಲಿಲ್ಲ. ಹಕ್ಕಿ ತಿಂದ್ವು. ಕಿರೀ ಮಗ ಹಸಿವಿಗೆ ಓಯ್ತು. ಒಂದೂವರೆ ವರ್ಷದ್ದು. ಅಂಬೆಗಾಲಿಕ್ಕಿ ಹೊಲದ ಕಡೆಗೇ ಓಗ್ತಿತ್ತು, ನಾನು ಎತ್ಕೊಂಡು ಬರ್ತಿದ್ದೆ.”

ಗೋಗೋ ಕೋಲಿನ ತುದಿಯಿಂದ ನೆಲ ಕೆದಕಿದಳು.

“ಈಗ ನೀನು ಅದೆಲ್ಲ ಸುಳ್ಳು ಅಂತೀಯ. ನಿಂದು ಓದಿದ ತಲೆ, ಇರಬೌದು. ಆದ್ರೆ ಅದು ಸುಳ್ಳಾದ್ರೆ, ನಾನು ಸುಮ್ನೆ ಕುಂತು ಮಗೀನ ಸಾಯಿಸ್ದೆ ಅಂತಾಯ್ತದೆ. ಈ ವಯಸ್ನಲ್ಲಿ ಅದನ್ನೆಲ್ಲಿ ಮಡಗ್ಲಿ ಹೇಳು?”

ಕಿತ್ತ ಗಿಡಗಳ ಬೇರಿನಲ್ಲಿ ಮಣ್ಣು ಇನ್ನೂ ಅಂಟಿಕೊಂಡಿತ್ತು. ಬಗ್ಗಿ ಅವನ್ನು ಬೇಲಿಯ ಬುಡಕ್ಕೆ ಸರಿಸಿಟ್ಟೆ. ಆಮೇಲೆ ಎದ್ದು ಕಾಲುವೆಯ ದಂಡೆ ಹಿಡಿದು ನಡೆದೆ.

“ಎಲ್ಲಿಗೆ ಮಾಹದೆಬೆ?” ಗೋಗೋ ನನ್ನನ್ನು ತವರಿನ ಕುಲದ ಹೆಸರಿನಿಂದ ಕರೆದಳು.

“ನೀರು ಹೋದಲ್ಲಿಗೆ.”

ಅವಳು ಕೋಲೂರಿಕೊಂಡು ಹಿಂದೆ ಬಂದಳು. ನೀರಿನ ಮಾತು ಕಿವಿಗೆ ಬಿದ್ದ ಮಾಂಕಿವಾನೆಯೂ ಇನ್ನು ನಾಲ್ಕಾರು ಹೆಂಗಸರೂ ಖಾಲಿ ಬಕೆಟ್ ಹಿಡಿದು ಬಂದರು. ದೂರ ಬಿಟ್ಟು, ನನ್ನ ನೆರಳು ತಾಗದಂತೆ.

ಗಾಲ್ಫ್ ಮೈದಾನದ ಬೇಲಿ ಒಂದು ಕಡೆ ಕುಸಿದಿತ್ತು. ಚಪ್ಪಲಿ ಬಿಟ್ಟು ದಾಟಿದೆ. ಹುಲ್ಲು ತಣ್ಣಗಿತ್ತು, ಬೋಳಿಸಿದ ತಲೆಯ ಹಾಗೆ ಸಮನಾಗಿತ್ತು. ನಡುವೆ ಒಂದು ಗುಳಿಗೆ ಬಾವುಟ ನೆಟ್ಟಿದ್ದರು, ನಾಲ್ಕು ಕಡೆ ನೀರು ಚಿಮ್ಮುತ್ತಿತ್ತು. ನಡೆಯತೊಡಗಿದೆ. ಈ ತುದಿಯಿಂದ ಆ ತುದಿಗೆ, ತಿರುಗಿ ಮತ್ತೆ ಈ ತುದಿಗೆ. ಕಳೆ ತೆಗೆಯುವಾಗ ಸಾಲು ಹಿಡಿದಂತೆ.

ಬಿಳಿ ಟೋಪಿಯವರು ಕೋಲು ಇಳಿಸಿ ನೋಡಿದರು. ಚಿಕ್ಕ ಗಾಡಿಯಲ್ಲಿ ಒಬ್ಬ ಮ್ಯಾನೇಜರು ಬಂದ.

“ಏನಯ್ಯಾ ನೋಡ್ತಾ ನಿಂತಿದ್ದೀಯ? ಎಳೆದು ಆಚೆ ಹಾಕು ಅವಳನ್ನ.”

ಕಾವಲುಗಾರ ಹತ್ತು ಮಾರು ದೂರದಲ್ಲೇ ನಿಂತ. “ಮುಟ್ಟಕ್ಕಾಗಲ್ಲ ಸಾರ್. ಕರಿ ಬಟ್ಟೆ.”

“ಹಾಗಂದ್ರೆ?”

“ಗಂಡ ಸತ್ತೋಳು ಸಾರ್. ನಂಗೂ ಹೆಂಡ್ತಿ ಮಕ್ಳವ್ರೆ.”

“ಥೂ ನಿಮ್ಮ. ಪೊಲೀಸರಿಗೆ ಫೋನ್ ಮಾಡು.”

“ಅವ್ರೂ ನಮ್ಮೋರೇ ಸಾರ್. ಅವ್ರೂ ಮುಟ್ಟಲ್ಲ.”

ಮ್ಯಾನೇಜರು ಗಾಡಿಯಿಂದ ಇಳಿದು ನನ್ನ ಕಡೆಗೆ ಎರಡು ಹೆಜ್ಜೆ ಬಂದ. ಅವನೂ ನಿಂತ. ಚಿಮ್ಮುವ ನೀರು ನನ್ನ ಬಟ್ಟೆಯನ್ನು ತೋಯಿಸಿತು. ಕರಿ ಬಣ್ಣ ಬಿಟ್ಟು ಕಾಲಿನ ಮೇಲೆ ಇಳಿಯಿತು. ಸಾಲು ಬಿಡದೆ ನಡೆದೆ.

ಬೇಲಿಯಾಚೆ ಹೆಂಗಸರು ಸಾಲಾಗಿ ನಿಂತಿದ್ದರು. ಮಾಂಕಿವಾನೆ ಬಕೆಟ್ ಕೆಳಗಿಟ್ಟಿದ್ದಳು. ಗೋಗೋ ತಂತಿ ಹಿಡಿದು ಬಗ್ಗಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ. ನಾನು ಮೆಟ್ಟಿ ಬಿಟ್ಟ ಒಂದೊಂದು ಜಾಗವನ್ನೂ ನೋಡುತ್ತಿದ್ದಳು.

ಹುಲ್ಲು ಒಣಗುವುದಿಲ್ಲ. ಅದು ನನಗೆ ಗೊತ್ತು. ಆದರೂ ಹಿಮ್ಮಡಿ ಊರಿ ಮೆಟ್ಟಿದೆ. ಒಣಗಲಿ ಎಂದುಕೊಂಡೆ. ಒಂದು ಮೊಳದಷ್ಟಾದರೂ ಒಣಗಲಿ, ಈ ಮುದುಕಿ ನೋಡುವಂತೆ.

“ಆ ಬಾವುಟದ ಬುಡ ಬುಟ್ಬುಟ್ಟೆ ಕಣಮ್ಮಿ,” ಗೋಗೋ ಕೂಗಿದಳು. “ಅಲ್ಲೂ ಮೆಟ್ಟು. ಚೆನ್ನಾಗ್ ಮೆಟ್ಟು.”